ರೂಪು, ರುಚಿ, ತೃಪ್ತಿ: ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಅನಂತರದ ಊಟ

ಕಳೆದ ವರ್ಷ ಶ್ರಾವಣ ಮಾಸದಲ್ಲಿ ಸದ್ಭಕ್ತರೊಬ್ಬರ ಮನೆಯಲ್ಲಿ ಶಿವಪೂಜೆಯ ಅನಂತರ ಪ್ರಸಾದದ ಪಂಕ್ತಿಯಲ್ಲಿ ಕುಳಿತಿದ್ದೆವು. ಮನೆಯ ಯಜಮಾನರಿಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳು ಕಳೆದಿದ್ದವು. ಎಲ್ಲರಂತೆ ಅವರ ಎಲೆಗೂ ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ ಬಡಿಸಿದರು. ಅವರು ನಾಲ್ಕು ತುತ್ತು ಉಂಡು ಕೈ ನಿಲ್ಲಿಸಿದರು. “ಯಜಮಾನರೇ, ಪ್ರಸಾದ ಬಿಡಬಾರದು” ಎಂದು ನಾವು ಸಲುಗೆಯಿಂದ ನುಡಿದೆವು. ಅವರು ನಮ್ಮ ಮಾತಿಗೆ ಬೆಲೆ ಕೊಟ್ಟು ಮತ್ತಷ್ಟು ಉಂಡರು. ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ಹೋಗಿ ಉಂಡದ್ದನ್ನೆಲ್ಲ ವಾಂತಿ ಮಾಡಿಕೊಂಡರು. ಅಂದು ತಪ್ಪಿದವರು ಅವರಲ್ಲ, ನಾವು.

ಹೊರಡುವಾಗ ಆ ಮನೆಯ ತಾಯಿ ಕಣ್ಣೀರಿಟ್ಟು ಹೇಳಿದ ಮಾತು ನಮ್ಮನ್ನು ಇನ್ನಷ್ಟು ಕಾಡಿತು: “ಗುರುಗಳ, ಮೂವತ್ತು ವರ್ಷ ನನ್ನ ಕೈಅಡಿಗಿ ಉಂಡವರಿಗೆ ಈಗ ನನ್ನ ಒಗ್ಗರಣಿ ವಾಸನಿನೂ ಆಗವಲ್ದು. ನಾ ಏನು ತಪ್ಪು ಮಾಡೇನ್ರಿ?” ಅವರಿಗೆ ಉತ್ತರ ಕೊಡಬೇಕಾದರೆ ಮೊದಲು ನಾವೇ ತಿಳಿಯಬೇಕಾಗಿತ್ತು. ವೈದ್ಯರನ್ನು ಕೇಳಿ, ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಜಠರವು ಅನ್ನವನ್ನು ತುಂಬುವ ಚೀಲ ಮಾತ್ರವಲ್ಲ. ಹಸಿವಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಅಂಗವೂ ಹೌದು. ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದ ಗ್ರೆಲಿನ್ ಎಂಬ ಹಾರ್ಮೋನು ಹಸಿವನ್ನು ಎಬ್ಬಿಸುತ್ತದೆ. ಅದು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಆ ಭಾಗವೂ ಸೇರಿ ಜಠರದ ಶೇಕಡಾ 75ರಿಂದ 80ರಷ್ಟನ್ನು ತೆಗೆದು, ಉಳಿದುದನ್ನು ಕೊಳವೆಯಂತೆ ಮಾಡುತ್ತಾರೆ. ಬೈಪಾಸಿನಲ್ಲಿ ಜಠರದ ಮೇಲ್ತುದಿಯಲ್ಲಿ ಸಣ್ಣ ಚೀಲವೊಂದನ್ನು ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲಿಯೂ ಊಟವಾದೊಡನೆ ಕರುಳು “ಸಾಕು” ಎಂಬ ಸಂದೇಶವನ್ನು ಮೊದಲಿಗಿಂತ ಬೇಗ, ಮೊದಲಿಗಿಂತ ಬಲವಾಗಿ ಕಳುಹಿಸುತ್ತದೆ. ಆದ್ದರಿಂದ ಹಸಿವಾಗದಿರುವುದು ಹಟವಲ್ಲ, ಉಣ್ಣದಿರುವುದು ತಿರಸ್ಕಾರವಲ್ಲ.

ನಮ್ಮ ಪರಂಪರೆಯಲ್ಲಿ ಪದಾರ್ಥದ ರೂಪನ್ನು ಇಷ್ಟಲಿಂಗಕ್ಕೆ, ರುಚಿಯನ್ನು ಪ್ರಾಣಲಿಂಗಕ್ಕೆ, ತೃಪ್ತಿಯನ್ನು ಭಾವಲಿಂಗಕ್ಕೆ ಅರ್ಪಿಸುವ ಕ್ರಮವುಂಟು. ಈ ಶಸ್ತ್ರಚಿಕಿತ್ಸೆಯಾದವರಲ್ಲಿ ಬದಲಾಗುವುದೂ ಈ ಮೂರೇ. ಇದೇ ಕ್ರಮದಲ್ಲಿ ವಿಚಾರಿಸೋಣ.

ಮೊದಲನೆಯದು ರೂಪು, ಎಂದರೆ ಊಟದ ಆಕಾರ ಮತ್ತು ಅಳತೆ. ಗಂಗಾಳದ ಬದಲು ಒಂದು ಸಣ್ಣ ಬಟ್ಟಲು ಇರಲಿ. ತುತ್ತು ಚಿಕ್ಕದಾಗಿರಲಿ; ಚೆನ್ನಾಗಿ ಅಗಿದು, ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಸಾವಕಾಶವಾಗಿ ಉಣ್ಣಬೇಕು. ಊಟದೊಡನೆ ನೀರು ಕುಡಿಯದೆ, ಅರ್ಧ ಗಂಟೆಯ ಅನಂತರ ಗುಟುಕು ಗುಟುಕಾಗಿ ಕುಡಿಯಬೇಕು. ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆಯಾಗಬಾರದು. ಹಸಿವು ಕರೆಯುವುದಿಲ್ಲವೆಂದು ಹೊತ್ತಿನ ಊಟವನ್ನು ಬಿಡುವುದು ಅಪಾಯಕರ. ಗಡಿಯಾರ ನೋಡಿ ಉಣ್ಣುವುದೇ ಆಗ ಧರ್ಮ. ದಿನಕ್ಕೆ 60 ಗ್ರಾಮಿಗೆ ಕಡಿಮೆಯಿಲ್ಲದಂತೆ ಪ್ರೋಟೀನು ಬೇಕೆಂದು ವೈದ್ಯರು ಹೇಳುತ್ತಾರೆ. ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ಗಟ್ಟಿ ಮೊಸರು, ಪನೀರು, ಹೆಸರುಬೇಳೆ, ಬೇಯಿಸಿದ ಮೊಳಕೆಕಾಳು, ಸೋಯಾ ಇವುಗಳನ್ನು ಮೊದಲು ಉಂಡು, ಜಾಗವುಳಿದರೆ ಅನ್ನ ರೊಟ್ಟಿಗಳಿಗೆ ಕೈಯಿಡಬೇಕು. ಕಟಿ ರೊಟ್ಟಿ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದುಂಟು. ಅದನ್ನು ಬೇಳೆಯ ಸಾರಿನಲ್ಲಿ ನೆನೆಸಿಕೊಳ್ಳುವುದು ಲೇಸು.

ಎರಡನೆಯದು ರುಚಿ. ಸಿಹಿಯು ಅತಿಸಿಹಿಯಾಗಿ ತೋರುವುದು, ಎಣ್ಣೆಯ ವಾಸನೆಗೆ ಹೊಟ್ಟೆ ತೊಳಸುವುದು, ಬಾಯಲ್ಲಿ ಕಬ್ಬಿಣ ನೆಕ್ಕಿದಂತಾಗುವುದು, ನಿನ್ನೆ ಸೇರಿದ್ದು ಇಂದು ಸೇರದಿರುವುದು, ಇವೆಲ್ಲ ಹಲವರಿಗೆ ಬರುವ ಅನುಭವಗಳು. ಹಾರ್ಮೋನುಗಳ ಬದಲಾವಣೆ ಇದಕ್ಕೆ ಒಂದು ಕಾರಣ. ನೀರು ಸಾಲದೆ ಬಾಯಿ ಒಣಗುವುದು, ಸತುವಿನ ಕೊರತೆ ಇವೂ ಕಾರಣವಾಗಬಹುದು. ಅನೇಕರಲ್ಲಿ ಕೆಲವು ತಿಂಗಳುಗಳಲ್ಲಿ ಇದು ತಗ್ಗುತ್ತದೆ. ಅಲ್ಲಿಯವರೆಗೆ ಒಗ್ಗರಣೆಯನ್ನು ಹಗುರಗೊಳಿಸಿ, ಅಡುಗೆಯ ಹೊತ್ತಿನಲ್ಲಿ ಕಿಟಕಿ ತೆರೆದಿಟ್ಟು, ಬಿಸಿಬಿಸಿಯಾದುದಕ್ಕಿಂತ ಆರಿದ ಆಹಾರವನ್ನು ಬಡಿಸಿದರೆ ವಾಸನೆಯ ಬಾಧೆ ಕಡಿಮೆಯಾಗುತ್ತದೆ. ಸೇರದ ಪದಾರ್ಥವನ್ನು ಎರಡು ವಾರ ಬಿಟ್ಟು ಮತ್ತೆ ಒಂದು ಚಮಚೆಯಷ್ಟು ರುಚಿ ನೋಡಬಹುದು. ಹುಗ್ಗಿ ಹೋಳಿಗೆಗಳ ವಿಷಯದಲ್ಲಿ ಮಾತ್ರ ಎಚ್ಚರವಿರಬೇಕು. ಬೈಪಾಸ್ ಆದವರಲ್ಲಿ ವಿಶೇಷವಾಗಿ, ಸಿಹಿಯು ಬೇಗನೆ ಕರುಳಿಗಿಳಿದು ಎದೆಬಡಿತ, ಬೆವರು, ತಲೆಸುತ್ತು, ಭೇದಿಗಳನ್ನು ತರಬಹುದು.

ಮೂರನೆಯದು ತೃಪ್ತಿ. ಹೊಸ ಜಠರದ “ಸಾಕು” ಎಂಬ ನುಡಿ ಮೆಲುದನಿಯದು. ಎದೆಯಲ್ಲಿ ಒತ್ತಿದಂತಾಗುವುದು, ಬಿಕ್ಕಳಿಕೆ, ಮೂಗಿನಲ್ಲಿ ನೀರು ಇಳಿಯುವುದು ಕೆಲವರಲ್ಲಿ ಅದರ ಗುರುತು. ಅಲ್ಲಿಗೆ ನಿಲ್ಲಿಸಬೇಕು, ಮುಂದಿನ ಒಂದೇ ತುತ್ತು ವಾಂತಿಗೆ ಕಾರಣವಾದೀತು. ಪದೇ ಪದೇ ವಾಂತಿಯಾಗುತ್ತಿದ್ದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಏಕೆಂದರೆ ಬಿ1 ಜೀವಸತ್ತ್ವ ಬರಿದಾಗಿ ನರಗಳಿಗೂ ಮಿದುಳಿಗೂ ಹಾನಿಯಾಗಬಲ್ಲದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ತ್ವಗಳ ಪೂರೈಕೆಯೂ ಕಾಲಕಾಲಕ್ಕೆ ರಕ್ತಪರೀಕ್ಷೆಯೂ ಜೀವನಪರ್ಯಂತದ ನೇಮ. ಬಿ12 ಸಸ್ಯಾಹಾರಿಗಳಲ್ಲಿ ಮೊದಲೇ ಕಡಿಮೆಯಿರುವುದರಿಂದ ನಮ್ಮವರು ಇದನ್ನು ಅಲಕ್ಷಿಸಲಾಗದು. ಒಂದೆರಡು ವರ್ಷಗಳಲ್ಲಿ ಹಸಿವು ಸ್ವಲ್ಪಮಟ್ಟಿಗೆ ಮರಳುತ್ತದೆ. ಅದು ಚಿಕಿತ್ಸೆಯ ಸೋಲಲ್ಲ; ಹಸಿವಿಲ್ಲದ ದಿನಗಳಲ್ಲಿ ರೂಢಿಸಿಕೊಂಡ ಮಿತಿಯು ಆಗಲೇ ಕೈಹಿಡಿಯುವುದು.

ಇನ್ನು ಪ್ರಸಾದವನ್ನು ಬಿಡಬಹುದೇ ಎಂಬ ಪ್ರಶ್ನೆ. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಪ್ರಸಾದಿಯಾದವನಿಗೆ ಮುಖ್ಯವಾದುದು ಅರ್ಪಣೆಯ ಭಾವವೇ ಹೊರತು ಎಲೆಯ ಮೇಲಿನ ರಾಶಿಯಲ್ಲ. ಒಂದು ಅಗುಳೂ ಪ್ರಸಾದವೇ. ಬಿಡಬಾರದೆಂಬ ನೇಮ ನಿಜ. ಆದರೆ ಆ ನೇಮ ಉಣ್ಣುವವನಿಗೆ ಮಾತ್ರವಲ್ಲ, ಬಡಿಸುವವನಿಗೂ ಸಲ್ಲುತ್ತದೆ. ಬೇಡವೆಂದರೂ ಸುರಿದು, ಆಮೇಲೆ ಬಿಡಬೇಡವೆನ್ನುವುದು ದಾಸೋಹವಾಗಲಾರದು. ಕೇಳಿ ಬಡಿಸುವುದು, ಸಾಕೆಂದಾಗ ಕೈ ಹಿಂದೆಗೆಯುವುದು, ಇವೂ ದಾಸೋಹವೇ.

ಈ ಮಾತನ್ನೆಲ್ಲ ಆ ತಾಯಿಗೂ ತಿಳಿಸಿದೆವು. ತಮ್ಮ ಕೈರುಚಿ ಕೆಟ್ಟಿಲ್ಲ, ಪತಿಯ ದೇಹ ಹೊಸ ಪಾಠ ಕಲಿಯುತ್ತಿದೆ ಎಂದು ಅರಿತಾಗ ಅವರ ಮನಸ್ಸು ಹಗುರಾಯಿತು. ಮೊನ್ನೆ ಅದೇ ಮನೆಗೆ ಮತ್ತೆ ಹೋಗಿದ್ದೆವು. ಯಜಮಾನರ ಮುಂದೆ ಸಣ್ಣ ಬಟ್ಟಲಿತ್ತು. ತಾಯಿ “ಎಷ್ಟು ಹಾಕ್ಲ್ರೀ?” ಎಂದು ಕೇಳಿ ಬಡಿಸಿದರು. ಅವರು ಒಗ್ಗರಣೆಯ ಬೇಳೆಯನ್ನು ಮೆಚ್ಚಿ ಉಂಡು, ಬಟ್ಟಲನ್ನು ಬಳಿದು ಬರಿದು ಮಾಡಿದರು. ನಾವು ಈ ಬಾರಿ ಏನೂ ನುಡಿಯದೆ ನಮ್ಮ ಎಲೆಯನ್ನು ನೋಡಿಕೊಂಡು ಉಂಡೆವು.