ತೊಟ್ಟಿಲಿನಿಂದ ಮೊಬೈಲ್ ದೂರವಿರಲಿ

ಮಗು ಬೇಗ ನಿದ್ರಿಸಲೆಂದು ಮೊಬೈಲ್‌ನಲ್ಲಿ ಕುರ್‌ಆನ್ ಪಾರಾಯಣ ಹಚ್ಚಿ ಅದನ್ನು ದಿಂಬಿನ ಪಕ್ಕದಲ್ಲೇ ಇಡುವ ಮನೆಗಳಿವೆ. ಉದ್ದೇಶ ಒಳ್ಳೆಯದು, ಆದರೆ ಇಡುವ ಜಾಗ ಸರಿಯಲ್ಲ.

“ಡಾಕ್ಟರೇ, ಮೊಬೈಲ್ ತರಂಗದಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾಗುತ್ತದೆಯೇ?” ಎಂದು ಗರ್ಭಿಣಿಯರು ನನ್ನನ್ನು ಕೇಳುತ್ತಾರೆ. ಮೊದಲು ಭಯ ಬಿಡಿ. ಮೊಬೈಲ್ ಮತ್ತು ವೈಫೈ ಹೊರಸೂಸುವುದು ರೇಡಿಯೋ ತರಂಗ. ಎಕ್ಸ್‌ರೇಯಂತೆ ಜೀವಕೋಶದ ಡಿಎನ್‌ಎಯನ್ನು ನೇರವಾಗಿ ಮುರಿಯುವ ಶಕ್ತಿ ಅದಕ್ಕಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಇದನ್ನು 2ಬಿ ಗುಂಪಿಗೆ ಸೇರಿಸಿತು. ಅಂದರೆ ಕ್ಯಾನ್ಸರ್‌ನ ಸಂಶಯವಿದೆ, ಸಾಬೀತಾಗಿಲ್ಲ. ಗರ್ಭಿಣಿಯಾಗಿದ್ದಾಗ ಮೊಬೈಲ್ ಬಳಸಿದ್ದ ತಾಯಂದಿರ ಮಕ್ಕಳಲ್ಲಿ ಏಳನೇ ವಯಸ್ಸಿಗೆ ವರ್ತನೆಯ ತೊಂದರೆ ಹೆಚ್ಚು ಕಂಡಿತೆಂದು 2008ರ ಡೆನ್ಮಾರ್ಕಿನ ಅಧ್ಯಯನವೊಂದು ಹೇಳಿತ್ತು. ಆದರೆ ಕಾರಣ ತರಂಗವೋ, ಮೊಬೈಲ್‌ನಲ್ಲಿ ಮುಳುಗಿದ ತಾಯಿಯ ಗಮನ ಮಗುವಿಗೆ ಸಿಗದಿದ್ದುದೋ ಎಂದು ಅದರಿಂದ ತೀರ್ಮಾನಿಸಲಾಗದು.

ಹಾಗಾದರೆ ಎಚ್ಚರಿಕೆ ಏಕೆ? ಶಿಶುವಿನ ತಲೆಬುರುಡೆ ತೆಳು, ಮೆದುಳು ಇನ್ನೂ ಬೆಳೆಯುತ್ತಿರುತ್ತದೆ. ಜೊತೆಗೆ ಈ ಎಚ್ಚರಿಕೆಗೆ ಖರ್ಚೇನೂ ಇಲ್ಲ. ಇಲ್ಲಿ ದೂರವೇ ಔಷಧ. ದೂರ ಎರಡು ಪಟ್ಟಾದರೆ ತರಂಗದ ತೀವ್ರತೆ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ನೀವು ಮಾಡಬೇಕಾದುದು ಇಷ್ಟೇ:

• ಗರ್ಭಿಣಿಯರು ಮೊಬೈಲನ್ನು ಹೊಟ್ಟೆಯ ಮೇಲಿಡಬೇಡಿ. ಸ್ಪೀಕರ್ ಹಾಕಿ ಮಾತನಾಡಿ. ಆದರೆ ತುರ್ತು ಕರೆಗೆ ಕೈಗೆಟಕುವಂತಿರಲಿ.

• ಸಿಗ್ನಲ್ ಕಡಿಮೆಯಿರುವಲ್ಲಿ ಮೊಬೈಲ್ ಹೆಚ್ಚು ಶಕ್ತಿ ಹೊರಸೂಸುತ್ತದೆ. ಅಲ್ಲಿ ಹೆಚ್ಚು ಹೊತ್ತು ಮಾತು ಬೇಡ.

• ಪಾರಾಯಣವನ್ನು ಮೊದಲೇ ಡೌನ್‌ಲೋಡ್ ಮಾಡಿ, ಏರೋಪ್ಲೇನ್ ಮೋಡ್‌ನಲ್ಲಿ, ದೂರದ ಮೇಜಿನ ಮೇಲಿಟ್ಟು ಮೆಲುದನಿಯಲ್ಲಿ ಕೇಳಿಸಿ.

• ಖರೀದಿಸುವಾಗ ‘ಸಾರ್’ ಮೌಲ್ಯ ನೋಡಿ. ಭಾರತದಲ್ಲಿ ಅದು ಕಿಲೋಗೆ 1.6 ವಾಟ್ ಮೀರಬಾರದು.

• ವಿಕಿರಣ ತಡೆಯುತ್ತದೆಂದು ಮಾರುವ ಸ್ಟಿಕ್ಕರ್‌ಗಳಿಗೆ ಹಣ ಸುರಿಯಬೇಡಿ.

ತರಂಗಕ್ಕಿಂತ ಖಚಿತವಾದ ನಷ್ಟ ಇನ್ನೊಂದಿದೆ. ಅದು ನಿದ್ರೆ ಮತ್ತು ಮಾತಿನದು. ಯುನಾನಿ ವೈದ್ಯಶಾಸ್ತ್ರವು ಆರೋಗ್ಯಕ್ಕೆ ಅನಿವಾರ್ಯವೆಂದು ಎಣಿಸುವ ಆರು ಸಂಗತಿಗಳಲ್ಲಿ ನಿದ್ರೆ–ಎಚ್ಚರವೂ ಒಂದು. ಒಂದು ವರ್ಷದೊಳಗಿನ ಮಗುವಿಗೆ ಮೊಬೈಲ್, ಟಿವಿ ಪರದೆ ತೋರಿಸಲೇಬಾರದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಹಾಲೂಡಿಸುವಾಗ ಮೊಬೈಲ್ ಪಕ್ಕಕ್ಕಿಡಿ, ಮಗುವಿನ ಮುಖ ನೋಡಿ ಮಾತನಾಡಿ. ಮಲಗಿಸುವಾಗ ನಿಮಗೆ ಗೊತ್ತಿರುವ ಸೂರಃಗಳನ್ನು ನೀವೇ ಓದಿ. ನಿಮ್ಮ ದನಿಯನ್ನು ಮಗು ಗರ್ಭದಲ್ಲಿದ್ದಾಗಲೇ ಕೇಳಿ ಬಲ್ಲದು.