ಒಂದು ದಿನದ ಮೈಸೂರು: ಬೆಟ್ಟ, ಅರಮನೆ ಮತ್ತು ನಡುವೆ ಬಿಟ್ಟುಹೋದ ಊರು

ಈ ಭಾನುವಾರ ಮೈಸೂರಿಗೆ ಹೋಗೋ ಪ್ಲ್ಯಾನ್ ಇದ್ಯಾ? ಹಾಗಿದ್ರೆ ಈ ಸಂಚಿಕೆ ನಿಮಗೋಸ್ಕರ.

ಫೋನಲ್ಲಿ 'ಒಂದು ದಿನದ ಮೈಸೂರು ಪ್ರವಾಸ' ಅಂತ ಹುಡುಕಿ ನೋಡಿ. ಸಿಗೋ ಪಟ್ಟಿ ಹೆಚ್ಚುಕಡಿಮೆ ಒಂದೇ. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಸಂತ ಫಿಲೋಮಿನಾ ಚರ್ಚ್, ಸಂಜೆಗೆ ಬೃಂದಾವನ. ಎಲ್ಲವೂ ನೋಡಬೇಕಾದ ಜಾಗಗಳೇ, ತಕರಾರಿಲ್ಲ. ಆದರೆ ಈ ಪಟ್ಟಿಯಲ್ಲಿ ಇಲ್ಲದ ಪಾರಂಪರಿಕ ಕಟ್ಟಡಗಳು ಅರಮನೆಯಿಂದ ಹತ್ತು-ಹದಿನೈದು ನಿಮಿಷದ ನಡಿಗೆಯಲ್ಲೇ ಇವೆ. ಅವುಗಳಲ್ಲಿ ಎರಡು ಭಾಗಶಃ ಕುಸಿದಿವೆ. ಒಂದರಲ್ಲಿ ಜೀವಗಳೂ ಹೋಗಿವೆ. ಹಾಗಾಗಿ ಅರಮನೆ ಹೊಳೆಯುತ್ತಾ ಇರುವಾಗ ಪಕ್ಕದ ಮಾರುಕಟ್ಟೆ ಯಾಕೆ ಬೀಳುತ್ತೆ ಅನ್ನೋ ಪ್ರಶ್ನೆ ಇಟ್ಕೊಂಡು ಇವತ್ತು ಒಂದು ದಿನದ ದಾರಿ ಹಾಕೋಣ.

ಬೆಳಗ್ಗೆ: ಮೆಟ್ಟಿಲು ಹತ್ತಿ ಬೆಟ್ಟಕ್ಕೆ

ಬಿಸಿಲು ಏರೋ ಮುಂಚೆ ಚಾಮುಂಡಿ ಬೆಟ್ಟದ ಪಾದಕ್ಕೆ ಬನ್ನಿ. ಸಾವಿರ ಮೆಟ್ಟಿಲಿನ ಈ ದಾರಿಯನ್ನ ಮಾಡಿಸಿದವರು 17ನೇ ಶತಮಾನದಲ್ಲಿ ಆಳಿದ ದೊಡ್ಡ ದೇವರಾಜ ಒಡೆಯರ್. ಈ ಹೆಸರು ನೆನಪಿಟ್ಕೊಳ್ಳಿ, ಮಧ್ಯಾಹ್ನ ಮತ್ತೆ ಬರುತ್ತೆ. ಸುಮಾರು ಏಳುನೂರನೇ ಮೆಟ್ಟಿಲಿನ ಹತ್ತಿರ ನಂದಿ ಸಿಗ್ತಾನೆ. ಎಲ್ಲಿಂದಲೋ ಕಲ್ಲು ಹೊತ್ತು ತಂದು ಜೋಡಿಸಿದ ವಿಗ್ರಹ ಅಲ್ಲ ಅದು, ಒಂದೇ ಬಂಡೆಯಲ್ಲಿ ಕಡೆದದ್ದು. ಎತ್ತರ ಸುಮಾರು 16 ಅಡಿ.

ಬೆಟ್ಟದ ತುದಿ ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಸ್ವಲ್ಪ ಮೇಲಿದೆ. ಮೈಸೂರು ನಗರಕ್ಕಿಂತ ಇನ್ನೂರೈವತ್ತು-ಮುನ್ನೂರು ಮೀಟರ್ ಎತ್ತರ ಅಂದ್ಕೊಳ್ಳಿ. ದೇವಸ್ಥಾನ ಹಳೆಯದು. ಆದರೆ ಕಣ್ಣಿಗೆ ಮೊದಲು ಬೀಳೋ ಏಳು ಅಂತಸ್ತಿನ ಗೋಪುರ 19ನೇ ಶತಮಾನದ್ದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು.

ಮೇಲಿಂದ ಊರು ನೋಡ್ತಾ ಸೆಲ್ಫಿ ತಗೊಳ್ಳೋದು ಇದ್ದೇ ಇದೆ. ಜೊತೆಗೆ ಒಂದು ವಿಷಯ ತಿಳ್ಕೊಳ್ಳಿ. 2021ರ ಮಳೆಗಾಲದ ಕೊನೆಯಲ್ಲಿ ನಂದಿಗೆ ಹೋಗೋ ರಸ್ತೆಯ ಒಂದು ಭಾಗ ಕುಸಿದು, ಆ ದಾರಿಯಲ್ಲಿ ವಾಹನ ನಿಲ್ಲಿಸಬೇಕಾಯ್ತು. ಬೆಟ್ಟ ಗಟ್ಟಿ ಗ್ರಾನೈಟ್‌ನದ್ದು ತಾನೇ, ಕುಸಿಯೋದು ಹೇಗೆ? ಕುಸಿಯೋದು ಒಳಗಿನ ಬಂಡೆಯಲ್ಲ, ಅದರ ಮೇಲಿರೋ ಮಣ್ಣು. ಇಳಿಜಾರನ್ನ ಕೊರೆದು ರಸ್ತೆ ಮಾಡಿದಾಗ ಆ ಮಣ್ಣಿಗಿದ್ದ ಆಸರೆ ಕಮ್ಮಿಯಾಗುತ್ತೆ. ಮಳೆನೀರು ಸರಾಗವಾಗಿ ಹರಿದುಹೋಗದೆ ಒಳಗೆ ಇಳಿದರೆ ಮಣ್ಣು ಭಾರವಾಗುತ್ತೆ, ಸಡಿಲವಾಗುತ್ತೆ, ಜಾರುತ್ತೆ. ಬೆಟ್ಟಕ್ಕೆ ರೋಪ್‌ವೇ ಬೇಕು ಅನ್ನೋ ಮಾತು ಬಂದಾಗಲೆಲ್ಲ ಮೈಸೂರಿನ ಜನ ವಿರೋಧಿಸೋದಕ್ಕೆ ಭಕ್ತಿ ಮಾತ್ರ ಕಾರಣ ಅಲ್ಲ. ಬೆಟ್ಟ ಎಷ್ಟು ಭಾರ ತಡೆಯುತ್ತೆ ಅನ್ನೋ ಲೆಕ್ಕಾಚಾರವೂ ಅದರಲ್ಲಿದೆ.

ಹತ್ತು ಗಂಟೆ: ಬೆಂಕಿಯಿಂದ ಹುಟ್ಟಿದ ಅರಮನೆ

ಈಗ ಕೆಳಗಿಳಿದು ಅರಮನೆಗೆ ಬನ್ನಿ. ನಾವು ಇವತ್ತು ನೋಡೋ ಅಂಬಾವಿಲಾಸ ಅರಮನೆ ಅಷ್ಟೇನೂ ಹಳೆಯದಲ್ಲ. ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಸುಟ್ಟುಹೋಯ್ತು. ಆಗ ರಾಜ್ಯ ನೋಡ್ಕೊಳ್ತಾ ಇದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಹೊಸ ಅರಮನೆಯ ವಿನ್ಯಾಸದ ಕೆಲಸ ಹೆನ್ರಿ ಇರ್ವಿನ್‌ಗೆ ಹೋಯ್ತು. ಶಿಮ್ಲಾದ ವೈಸ್‌ರಾಯ್ ನಿವಾಸಕ್ಕೆ ವಿನ್ಯಾಸ ಮಾಡಿದವರೂ ಇವರೇ. 1912ರಲ್ಲಿ ಕಟ್ಟಡ ಮುಗಿಯಿತು. ಖರ್ಚು ಆ ಕಾಲದ ಸುಮಾರು 41 ಲಕ್ಷ ರೂಪಾಯಿ.

ಒಳಗೆ ಹೋದಾಗ ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿಯನ್ನ ಎಲ್ಲರೂ ನೋಡ್ತಾರೆ. ನೀವು ಅದನ್ನ ಹೊತ್ತಿರೋ ಕಂಬಗಳನ್ನೂ ನೋಡಿ. ಅವು ಗ್ಲಾಸ್ಗೋದಿಂದ ತರಿಸಿದ ಎರಕದ ಕಬ್ಬಿಣದವು. ಮರದ ಅರಮನೆ ಸುಟ್ಟಿದ್ದರಿಂದ ಹೊಸದಕ್ಕೆ ಕಲ್ಲು, ಇಟ್ಟಿಗೆ, ಕಬ್ಬಿಣ ಬಂತು. ಅಂದ್ರೆ ಒಂದು ಅನಾಹುತದಿಂದ ಪಾಠ ಕಲಿತು ಕಟ್ಟಿದ ಕಟ್ಟಡ ಇದು.

ಊರಿಗೂ ಅದೇ ಹೊತ್ತಿನಲ್ಲಿ ಅಂಥದ್ದೇ ಪಾಠ ಆಯ್ತು. 19ನೇ ಶತಮಾನದ ಕೊನೆಯಲ್ಲಿ ಪ್ಲೇಗ್ ಬಂತು. ಗಾಳಿ-ಬೆಳಕಿಲ್ಲದ ಇಕ್ಕಟ್ಟು ಕೇರಿಗಳನ್ನ ಬಿಡಿಸಿ ಊರನ್ನ ಹರವಾಗಿ ಬೆಳೆಸೋಕೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಮೈಸೂರಿನ ಅಗಲ ರಸ್ತೆ, ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿ ನೋಡಿ ಚೆನ್ನಾಗಿದೆ ಅಂತೀವಲ್ಲ, ಅದರ ಹಿಂದೆ ರೋಗದ ಭಯವೂ ಇದೆ.

ಮಧ್ಯಾಹ್ನ: ಪಟ್ಟಿಯಲ್ಲಿ ಇಲ್ಲದ ಜಾಗ

ಅರಮನೆಯಿಂದ ಕಾಲ್ನಡಿಗೆಯಲ್ಲೇ ಹೊರಡಿ. ಮೊದಲು ಸಿಗೋದು ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ್ದು. ತಲೆಯೆತ್ತಿ ನೋಡಿ, ಅದರ ಅಂಕಿಗಳು ಕನ್ನಡದಲ್ಲಿವೆ.

ಅಲ್ಲಿಂದ ಕೆ.ಆರ್. ವೃತ್ತ ದಾಟಿದರೆ ದೇವರಾಜ ಮಾರುಕಟ್ಟೆ. ಹೌದು, ಬೆಟ್ಟಕ್ಕೆ ಮೆಟ್ಟಿಲು ಮಾಡಿಸಿದ ಅದೇ ದೊಡ್ಡ ದೇವರಾಜ ಒಡೆಯರ ಹೆಸರು. ಮೈಸೂರು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ, ಗುಡ್ಡೆ ಹಾಕಿದ ಕುಂಕುಮ, ಎಲ್ಲ ಇಲ್ಲಿ ಸಿಗುತ್ತೆ. 2016ರ ಆಗಸ್ಟ್‌ನಲ್ಲಿ ದುರಸ್ತಿ ನಡೀತಿರುವಾಗಲೇ ಇದರ ಒಂದು ಭಾಗ ಕುಸಿಯಿತು. ಅದಕ್ಕೂ ನಾಲ್ಕು ವರ್ಷ ಮುಂಚೆ, 2012ರ ಆಗಸ್ಟ್‌ನಲ್ಲಿ, ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ಕು ಜನ ಸತ್ತರು. ಎಷ್ಟೋ ಜನ ಪಠ್ಯಪುಸ್ತಕ, ಹಳೆ ಪುಸ್ತಕ ತಗೊಳ್ತಿದ್ದ ಅಂಗಡಿಸಾಲು ಅದು.

ಸರಿ, ಇವು ಬೀಳೋದು ಯಾಕೆ? ಇವುಗಳ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದ್ದು. ಮೇಲಿರೋದು ಮದ್ರಾಸ್ ತಾರಸಿ. ಸಾಲಾಗಿ ಮರದ ತೊಲೆ ಇಟ್ಟು, ಅದರ ಮೇಲೆ ಇಟ್ಟಿಗೆಗಳನ್ನ ಮಗ್ಗುಲಾಗಿ ನಿಲ್ಲಿಸಿ, ಸುಣ್ಣದ ಗಾರೆ ಹಾಕೋದು. ಈ ವ್ಯವಸ್ಥೆಗೆ ಒಂದು ಗುಣ ಇದೆ. ಗೋಡೆ ತೇವ ಎಳ್ಕೊಂಡರೂ ಸುಣ್ಣದ ಮೂಲಕ ಮತ್ತೆ ಹೊರಗೆ ಬಿಡುತ್ತೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿಯುತ್ತೆ, ಗಾರೆ ಪುಡಿಯಾಗುತ್ತೆ. ತಾರಸಿ ಸೋರಿದರೆ ತೊಲೆಯ ತುದಿ, ಅಂದ್ರೆ ಗೋಡೆಯೊಳಗೆ ಹುದುಗಿರೋ ಭಾಗ, ಯಾರಿಗೂ ಕಾಣದ ಹಾಗೆ ಕೊಳೆಯುತ್ತೆ. ಬಿರುಕಲ್ಲಿ ಅರಳಿ ಗಿಡ ಹುಟ್ಟಿದರೆ ಬೇರು ಗೋಡೆಯನ್ನ ಸೀಳುತ್ತೆ. ಇವೆಲ್ಲ ವರ್ಷಾವರ್ಷ ನೋಡ್ಕೊಂಡರೆ ಸಣ್ಣ ಕೆಲಸ. ಬಿಟ್ಟರೆ ಒಂದು ಮಳೆಗಾಲ ಸಾಕು.

ಕೆಡವಿ ಹಳೆಯ ರೂಪದಲ್ಲೇ ಹೊಸದಾಗಿ ಕಟ್ಟಬೇಕು ಅಂತ ಒಂದು ಕಡೆ. ಇರೋದನ್ನೇ ದುರಸ್ತಿ ಮಾಡಿ ಉಳಿಸಬೇಕು ಅಂತ ಇನ್ನೊಂದು ಕಡೆ. ವಾದ ಹೈಕೋರ್ಟ್‌ವರೆಗೂ ಹೋಯ್ತು. ಎರಡೂ ಕಡೆಯ ಕಾಳಜಿ ಸುಳ್ಳಲ್ಲ. ಜನ ಸತ್ತಿದ್ದಾರೆ, ಸುರಕ್ಷತೆ ಮುಖ್ಯ. ಆದರೆ ಕೆಡವಿದ ಮೇಲೆ ಬರೋದು ಹಳೆಯದರ ನಕಲು, ಹಳೆಯದಲ್ಲ. ಈ ನಡುವೆ ಮಾರುಕಟ್ಟೆಯಲ್ಲಿ ಹೂವು-ಹಣ್ಣು ಮಾರೋರ ಬದುಕು ಆ ತಾರಸಿ ಕೆಳಗೇ ನಡೀಬೇಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅರಮನೆಗೆ ಟಿಕೆಟ್ ಇದೆ. ಆ ದುಡ್ಡು, ಅದನ್ನ ನೋಡ್ಕೊಳ್ಳೋಕೇ ಅಂತ ಇರೋ ಮಂಡಳಿ, ನೋಡೋ ಲಕ್ಷಾಂತರ ಕಣ್ಣು, ಎಲ್ಲ ಅದರ ಬೆನ್ನಿಗಿವೆ. ಮಾರುಕಟ್ಟೆಗೆ ಟಿಕೆಟ್ ಇಲ್ಲ. ದಿನಾ ಬಳಸೋ ಜಾಗವನ್ನ ನಾವು ಪರಂಪರೆ ಅಂತ ಎಣಿಸೋದೂ ಕಮ್ಮಿ. ಪ್ರವಾಸದ ಪಟ್ಟಿಯಲ್ಲಿ ಹೆಸರಿಲ್ಲದ ಕಟ್ಟಡ ದುರಸ್ತಿಯ ಪಟ್ಟಿಯಲ್ಲೂ ಹಿಂದೆ ಬೀಳುತ್ತೆ.

ಸಂಜೆ: ಗೈಡ್‌ಗೆ ಕೇಳಬೇಕಾದ್ದು

ಸಮಯ ಇದ್ರೆ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕಟ್ಟಡವನ್ನ ಹೊರಗಿಂದಾದರೂ ನೋಡಿ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು ಈ ಸಂಸ್ಥೆಯಲ್ಲೇ. 1909ರಲ್ಲಿ ಅದನ್ನ ಅಚ್ಚು ಹಾಕಿಸಿದರು.

ಭಾನುವಾರವಾದ್ರೆ ಸಂಜೆ ಏಳಕ್ಕೆ ಅರಮನೆಯ ಹತ್ತಿರ ಹತ್ತಿ ಉರಿಯೋ ಸಾವಿರಾರು ಬಲ್ಬುಗಳನ್ನ ಖಂಡಿತ ನೋಡಿ. ಗೈಡ್ ಮಾಡ್ಕೊಂಡಿದ್ರೆ ಬೆಳಗ್ಗೆಯೇ ಎರಡು ಮಾತು ಕೇಳಿಬಿಡಿ. 'ಸರ್, ಮಾರುಕಟ್ಟೆಯೊಳಗೆ ಅರ್ಧ ಗಂಟೆ ನಡೆಸ್ತೀರಾ?' 'ಈ ಕಟ್ಟಡ ಯಾವುದರಿಂದ ಕಟ್ಟಿದ್ದು, ಈಗ ಯಾರು ನೋಡ್ಕೊಳ್ತಾರೆ?' ಪ್ರವಾಸಿಗರು ಕೇಳೋಕೆ ಶುರು ಮಾಡಿದ ಜಾಗವನ್ನ ಗೈಡ್‌ಗಳು ಪಟ್ಟಿಗೆ ಸೇರಿಸ್ತಾರೆ. ಪಟ್ಟಿಗೆ ಸೇರಿದ ಜಾಗವನ್ನ ಸುಮ್ಮನೆ ಬೀಳೋಕೆ ಬಿಡೋದು ಸ್ವಲ್ಪ ಕಷ್ಟ.

ಹೊರಡೋ ಮುಂಚೆ ಮಾರುಕಟ್ಟೆಯಲ್ಲಿ ಒಂದು ಮೊಳ ಮಲ್ಲಿಗೆ ತಗೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.