ಡೊಂಬಿವಲಿಯಲ್ಲಿ ಕುಳಿತು ಕೊಂಡ ರೊಟಾವೇಟರ್

ಸೊಲ್ಲಾಪುರ, ವಿಜಯಪುರ ಮಾರ್ಗವಾಗಿ ಗದಗದ ಕಡೆ ಹೋಗುವ ರಾತ್ರಿ ಗಾಡಿಗೆ ಕಲ್ಯಾಣ ಸ್ಟೇಷನ್ನಿನಲ್ಲಿ ಕಾಯುವಾಗ ಕಿವಿಗೆ ಬೀಳುವುದು ಹೆಚ್ಚಾಗಿ ನಮ್ಮ ಕಡೆಯ ಮಾತೇ. ಠಾಣೆಯವರಿರಲಿ, ನವಿ ಮುಂಬೈಯವರಿರಲಿ, ಮಳೆ ಆಯಿತೇ, ಚಾಟ್ನಿ ಮುಗಿಯಿತೇ, ಆಳು ಸಿಕ್ಕರೇ ಎಂದೇ ಮಾತು ಶುರುವಾಗುತ್ತದೆ. ಈಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ಸಣ್ಣ ಟ್ರ್ಯಾಕ್ಟರ್ ತೊಗೊಂಡೀವಿ, ಅದಕ್ಕ ಏನೇನ್ ಜೋಡಸಬೇಕ್ರಿ?"

ಉತ್ತರ ಹೇಳುವ ಯೋಗ್ಯತೆ ನನಗೆ ಬಂದದ್ದು ತಪ್ಪು ಮಾಡಿದ ಮೇಲೆ.

ತಿಕೋಟಾ ಹತ್ತಿರ ನಮ್ಮದು 4 ಎಕರೆ ದ್ರಾಕ್ಷಿ ತೋಟ. ಅಣ್ಣ ನೋಡಿಕೊಳ್ಳುತ್ತಾನೆ. ನಾನು ನವಿ ಮುಂಬೈಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಿರ್ವಹಣೆಯಲ್ಲಿದ್ದೇನೆ. ಅಣ್ಣ ಸಾಲ ಮಾಡಿ 24 ಎಚ್.ಪಿ. ಟ್ರ್ಯಾಕ್ಟರ್ ತಂದಾಗ, "ರೊಟಾವೇಟರ್ ನಾ ಕೊಡಸ್ತೀನಿ" ಎಂದೆ. ಡೊಂಬಿವಲಿಯ ಮನೆಯಲ್ಲಿ ಕುಳಿತು, ಫೋನಿನಲ್ಲಿ ಚಿತ್ರ ನೋಡಿ, 5 ಅಡಿಯದನ್ನು ಕಳಿಸಿದೆ. ಅಗಲ ಹೆಚ್ಚಿದ್ದರೆ ಕೆಲಸ ಬೇಗ ಮುಗಿಯುತ್ತದೆ ಎಂಬುದು ನನ್ನ ಲೆಕ್ಕ.

ಎಂಜಿನ್ನಿನ 24 ಎಚ್.ಪಿ.ಯಲ್ಲಿ ಹಿಂದಿನ ಪಿ.ಟಿ.ಓ.ಗೆ ಬರುವುದು ಅದಕ್ಕಿಂತ ಕಡಿಮೆ. ನಮ್ಮ ಎರೆ ಮಣ್ಣಿನಲ್ಲಿ ಆ ರೊಟಾವೇಟರ್ ಇಳಿಸಿದರೆ ಎಂಜಿನ್ ನರಳುತ್ತಿತ್ತು. ಸಾಲಿನ ಅಂತರ 9 ಅಡಿ. ಎರಡೂ ಕಡೆ ಡ್ರಿಪ್ ಪೈಪಿನ ಬೆಡ್ ಬಿಟ್ಟರೆ ನಡುವೆ ಉಳಿಯುವುದು ಸ್ವಲ್ಪವೇ ಜಾಗ. ಬ್ಲೇಡು ಬೆಡ್ಡಿನ ಅಂಚಿಗೆ ತಾಗಿ ಎಳೆಬೇರು ಕತ್ತರಿಸುತ್ತಿತ್ತು. ಅಣ್ಣ ಒಂದು ಹಂಗಾಮು ಅದನ್ನು ಅರ್ಧ ಎತ್ತಿಯೇ ಓಡಿಸಿದ, ನನಗೆ ಹೇಳಲಿಲ್ಲ. ಊರಿಗೆ ಹೋದಾಗ ಕೇಳಿದರೆ, "ನೀ ದುಡದು ಕಳಿಸಿದ್ದು, ಹೆಂಗ ಬ್ಯಾಡ ಅನ್ನಲಿ?" ಎಂದ.

ನಷ್ಟಕ್ಕೆ ಮಾರಿ 4 ಅಡಿಯದನ್ನು ತಂದೆವು. ಟ್ರ್ಯಾಕ್ಟರಿನ ಎರಡು ಗಾಲಿಗಳ ಹೊರ ಅಗಲಕ್ಕಿಂತ ತುಸು ಹೆಚ್ಚಿದ್ದರೆ ಸಾಕು, ಗಾಲಿಯ ಗುರುತು ಅಳಿಸುತ್ತದೆ. ವರ್ಷವಿಡೀ ರೊಟಾವೇಟರನ್ನೇ ಹೊಡೆದರೆ ಕೆಳಗಿನ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ. ಆದ್ದರಿಂದ ನಡುನಡುವೆ ಕಲ್ಟಿವೇಟರ್ ಬಳಸಬೇಕು.

ಮುಂದೆ ಔಷಧಿ ಹೊಡೆಯುವ ಬ್ಲೋವರ್. ಇಲ್ಲಿ ತೂಕದ ಲೆಕ್ಕ ಮುಖ್ಯ. 400 ಲೀಟರ್ ಟ್ಯಾಂಕಿನಲ್ಲಿ ನೀರೇ 400 ಕಿಲೋ, ಅದರ ಮೇಲೆ ಪಂಪು, ಫ್ಯಾನು, ಚೌಕಟ್ಟು. ಹೈಡ್ರಾಲಿಕ್ ಎತ್ತಬಹುದು. ಆದರೆ ಹಿಂಭಾರವಾದರೆ ಮುಂದಿನ ಗಾಲಿ ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಹಾಗಾಗಿ ಮುಂದೆ ತೂಕ ಹಾಕಬೇಕು, ಇಲ್ಲವೇ ತನ್ನದೇ ಗಾಲಿಯಿರುವ, ಎಳೆದೊಯ್ಯುವ ಬ್ಲೋವರ್ ಕೊಳ್ಳಬೇಕು. ನಾವು ಎಳೆಯುವುದನ್ನು ಕೊಂಡೆವು.

ಎಕರೆಗೆ ಎಷ್ಟು ನೀರು ಬೀಳುತ್ತದೆ ಎಂದು ತಿಳಿಯಲು ಸುಲಭ ದಾರಿಯಿದೆ. 9 ಅಡಿ ಸಾಲಿನಲ್ಲಿ 121 ಅಡಿ ಓಡಿಸಿದರೆ 1089 ಚದರಡಿ, ಅಂದರೆ ಸರಿಯಾಗಿ ಒಂದು ಗುಂಟೆ. ಬರೀ ನೀರು ತುಂಬಿ, ಔಷಧಿ ಹೊಡೆಯುವ ಗೇರಿನಲ್ಲೇ ಅಷ್ಟು ದೂರ ಓಡಿಸಿ, ಖಾಲಿಯಾದ ನೀರನ್ನು ಅಳೆಯಿರಿ. 6 ಲೀಟರ್ ಆದರೆ 40ರಿಂದ ಗುಣಿಸಿ: ಎಕರೆಗೆ 240 ಲೀಟರ್. ಔಷಧಿಯ ಪ್ರಮಾಣವನ್ನು ಇದಕ್ಕೆ ಹೊಂದಿಸಿಕೊಳ್ಳಬೇಕು.

ಇಷ್ಟೆಲ್ಲ ಲೆಕ್ಕ ಮಾಡಿದ ನಾನು ಒಂದನ್ನು ಕೇಳಲು ಮರೆತಿದ್ದೆ. ಒಂದು ಬೆಳಿಗ್ಗೆ ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಗಾಡಿಗೆ ಓಡುತ್ತಿದ್ದಾಗ ವೈನಿಯ ಫೋನ್ ಬಂತು. ಗ್ರೀಸ್ ಹಾಕಲು ಅಡ್ಡಿಯಾಗುತ್ತದೆಂದು ಪಿ.ಟಿ.ಓ. ಶಾಫ್ಟಿನ ಪ್ಲಾಸ್ಟಿಕ್ ಕವಚ ತೆಗೆದಿಟ್ಟಿದ್ದರಂತೆ. ಅಣ್ಣ ಬಗ್ಗಿದಾಗ ಹೆಗಲ ಟಾವೆಲ್ ಸಿಕ್ಕಿಕೊಂಡಿದೆ. ಆ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. "ಟಾವೆಲ್ ಹಳೇದಿತ್ತು, ಹರದು ಹೋತು" ಎಂದರು ವೈನಿ. ಹೊಸದಿದ್ದಿದ್ದರೆ? ಕಾರ್ಖಾನೆಯಲ್ಲಿ ಕವಚವಿಲ್ಲದ ಯಂತ್ರವನ್ನು ನಾನು ಚಾಲೂ ಮಾಡಲು ಬಿಡುವುದಿಲ್ಲ. ಮನೆಯ ಯಂತ್ರದ ವಿಷಯದಲ್ಲಿ ಬರೀ ಬೆಲೆ ಕೇಳಿದ್ದೆ.

ಮರುವಾರ ಹೊಸ ಕವಚ ಒಯ್ದು ನಾನೇ ಹಾಕಿದೆ. ಗ್ರೀಸ್ ಹಾಕುವುದಾಗಲಿ, ಕಟ್ಟಿಕೊಂಡ ನಾಝಲ್ ಬಿಡಿಸುವುದಾಗಲಿ, ಎಂಜಿನ್ ಬಂದ್ ಮಾಡಿ ಕೀಲಿ ಜೇಬಿಗೆ ಹಾಕಿಕೊಂಡ ಮೇಲೆಯೇ ಎಂದು ಇಬ್ಬರೂ ಮಾತು ಕೊಟ್ಟುಕೊಂಡೆವು.

ಊರಿಗೆ ಹಣ ಕಳಿಸುವ ನಮ್ಮವರಿಗೆ ಹೇಳುವುದಿಷ್ಟೇ. ವರ್ಷಕ್ಕೆ ಒಂದೆರಡು ದಿನ ಬೇಕಾಗುವುದನ್ನು ಕೊಳ್ಳಬೇಡಿ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ. ಕೊಳ್ಳುವುದಾದರೆ ಮೊದಲು ಸಾಲಿನ ಅಂತರ ಅಳೆಸಿ, ಓಡಿಸುವವರನ್ನು ಕೇಳಿ. ಅವರು "ಬ್ಯಾಡ" ಎನ್ನಲು ಸಂಕೋಚಪಡದ ಹಾಗೆ ಕೇಳಿ.